ಖಜಾನೆಯಿಂದ ಕೊಟ್ಟಿಗೆಗೆ

ರಷ್ಯನ್ ಭಾಷೆಯಲ್ಲಿ 'ಸ್ಕೋತ್' ಎಂದರೆ ದನಕರು, ಜಾನುವಾರು. ಆ ಜಾನುವಾರಿನ ಚಾಕರಿ ಮಾಡುವ ಹೆಂಗಸು 'ಸ್ಕೋತ್ನಿತ್ಸಾ'. ಮೇವು ಹಾಕುವವಳು, ಸಗಣಿ ಬಾಚುವವಳು, ಬಾನಿಗೆ ನೀರು ತುಂಬುವವಳು. ಕಾಲೇಜು ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ದಿನಗಳಲ್ಲಿ ನಮ್ಮೂರಿಗೆ ಬರುತ್ತಿದ್ದ ಪುಸ್ತಕದ ವ್ಯಾನಿನಿಂದ ಅಗ್ಗಕ್ಕೆ ಸಿಕ್ಕ ರಷ್ಯನ್ ಪಾಠಮಾಲೆಯೊಂದನ್ನು ಕೊಂಡಿದ್ದೆ. ಆ ಭಾಷೆ ನನಗೆ ಪೂರ್ತಿ ದಕ್ಕಲಿಲ್ಲವಾದರೂ ಅದರ ಪದಗಳ ಹಿಂದೆ ಅಲೆಯುವ ಚಟ ಮಾತ್ರ ಉಳಿದುಕೊಂಡಿತು. ಹಾಗೆ ಅಲೆಯುತ್ತಿದ್ದಾಗ ಒಂದು ವಿಚಿತ್ರ ಎದುರಾಯಿತು. ಸಾವಿರ ವರ್ಷದ ಹಿಂದಿನ ರಷ್ಯನ್ನಿನಲ್ಲಿ ಇದೇ 'ಸ್ಕೋತ್ನಿತ್ಸಾ' ಪದಕ್ಕೆ ಕೊಟ್ಟಿಗೆಯ ಹೆಂಗಸು ಎಂಬ ಅರ್ಥವಲ್ಲ, ರಾಜನ ಖಜಾನೆ ಎಂಬ ಅರ್ಥ!

ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕೀವ್ ನಗರದಲ್ಲಿ ಸಂಕಲಿಸಿದ ಒಂದು ವೃತ್ತಾಂತ ಗ್ರಂಥವಿದೆ. ಇಂದಿನ ಉಕ್ರೇನ್, ರಷ್ಯಾ, ಬೆಲಾರೂಸ್ ಮೂರರ ಹಳೆಯ ಕತೆಯನ್ನೂ ಹೇಳುವವರು ಮೊದಲು ಬಿಚ್ಚುವುದು ಅದನ್ನೇ. ಅದರಲ್ಲಿ 996ನೆಯ ವರ್ಷದ ಕೆಳಗೆ ವ್ಲದೀಮಿರ್ ರಾಜನ ದಾನಧರ್ಮದ ವರ್ಣನೆ ಬರುತ್ತದೆ. ಬಡವರು, ಭಿಕ್ಷುಕರು ಯಾರೇ ಆಗಲಿ ಅರಮನೆಯ ಅಂಗಳಕ್ಕೆ ಬಂದು ಅನ್ನಪಾನ ಪಡೆಯಬಹುದು. ಸ್ಕೋತ್ನಿತ್ಸಾದಿಂದ ಹಣವನ್ನೂ ಪಡೆಯಬಹುದು ಎಂದು ರಾಜ ಅಪ್ಪಣೆ ಕೊಡಿಸಿದನಂತೆ. ಕಾಯಿಲೆಯವರು, ಕೈಲಾಗದವರು ಅಲ್ಲಿಯವರೆಗೆ ಬರುವುದಾದರೂ ಹೇಗೆ ಎಂದು ಯೋಚಿಸಿ ರೊಟ್ಟಿ, ಮಾಂಸ, ಮೀನು, ಜೇನಿನ ಪಾನಕಗಳನ್ನು ಗಾಡಿಗಳಲ್ಲಿ ಹೇರಿಸಿ ಬೀದಿ ಬೀದಿಗೆ ಕಳಿಸಿದನಂತೆ. ಇಂದಿನ ರಷ್ಯನ್ನಷ್ಟೇ ಬಲ್ಲವರು ಈ ಸಾಲನ್ನು ಓದಿದರೆ, ರಾಜ ಭಿಕ್ಷುಕರಿಗೆ ಕೊಡುವ ಹಣವನ್ನು ಕೊಟ್ಟಿಗೆಯ ಹೆಂಗಸಿನ ಕೈಯಿಂದ ಯಾಕೆ ಕೊಡಿಸಿದ ಎಂದು ತಲೆ ಕೆರೆದುಕೊಳ್ಳಬೇಕು.

ಇನ್ನೂ ಸ್ವಾರಸ್ಯವಾದದ್ದು 1018ರ ಪ್ರಸಂಗ. ವ್ಲದೀಮಿರನ ಮಗ ಯಾರೊಸ್ಲಾವ್ ಪೋಲೆಂಡಿನ ದೊರೆ ಬೊಲೆಸ್ಲಾವ್‌ನ ಎದುರು ಸೋತು, ಉತ್ತರದ ನೋವ್‌ಗೊರೊದ್ ಪಟ್ಟಣಕ್ಕೆ ಓಡಿ ಬಂದ. ಅಲ್ಲಿಂದ ಸಮುದ್ರ ದಾಟಿ ಪರಾರಿಯಾಗುವ ಯೋಚನೆ ಅವನದು. ಊರಿನವರು ಬಿಡಲಿಲ್ಲ. ಅವನ ದೋಣಿಗಳನ್ನೇ ಒಡೆದು ಹಾಕಿ, "ನಾವಿದ್ದೇವೆ, ಇನ್ನೊಮ್ಮೆ ಹೋರಾಡೋಣ" ಎಂದು ನಿಂತರು. ಕೂಲಿ ಸೈನಿಕರನ್ನು ತರಿಸಲು ಅವರು ಎಲ್ಲರಿಂದಲೂ 'ಸ್ಕೋತ್' ಎತ್ತಿದರು. ಸಾಮಾನ್ಯ ಗಂಡಸಿಗೆ 4 ಕೂನಾ, ಊರ ಹಿರಿಯರಿಗೆ 10 ಗ್ರಿವ್ನಾ, ಶ್ರೀಮಂತ ಬೊಯಾರರಿಗೆ 18 ಗ್ರಿವ್ನಾ. ಗ್ರಿವ್ನಾ ಎಂದರೆ ಬೆಳ್ಳಿಯ ತೂಕದ ಲೆಕ್ಕ. ಅಂದರೆ ಎತ್ತಿದ್ದು ದನಗಳನ್ನಲ್ಲ, ವಂತಿಗೆಯ ಹಣವನ್ನು. ಅದೇ ಶತಮಾನದ ಕಾನೂನು ಸಂಗ್ರಹ 'ರೂಸ್ಕಯ ಪ್ರಾವ್ದ'ದಲ್ಲೂ ಅಷ್ಟೆ. ಕಳವಾದ ಆಳನ್ನು ಗೊತ್ತಿಲ್ಲದೆ ಕೊಂಡವನು, ತಾನು ಕೊಟ್ಟ ಸ್ಕೋತನ್ನು ಮಾರಿದವನಿಂದ ಸಾಕ್ಷಿ ಸಮೇತ ಕೇಳಿ ಪಡೆಯಬೇಕು ಎನ್ನುತ್ತದೆ. ಅಲ್ಲಿಯೂ ಸ್ಕೋತ್ ಎಂದರೆ ದುಡ್ಡೇ.

ಆ ಕಾನೂನಿನಲ್ಲಿ ಪ್ರಾಣಿಗಳ ಬೆಲೆಪಟ್ಟಿಯೂ ಇದೆ. ಕದ್ದವನು ಎತ್ತಿಗೆ 1 ಗ್ರಿವ್ನಾ ತೆರಬೇಕು, ಹಸುವಿಗೆ 40 ರೆಜಾನಾ, ಎಳೆಗರುವಿಗೆ 5 ರೆಜಾನಾ. 50 ರೆಜಾನಾ ಸೇರಿದರೆ 1 ಗ್ರಿವ್ನಾ. ಉಳುವ ಎತ್ತಿಗೂ ಕರೆಯುವ ಹಸುವಿಗೂ ಇದ್ದ ಅಂತರ 10 ರೆಜಾನಾ ಅಷ್ಟೇ! ರಾಜನ ಮುದ್ರೆಯಿದ್ದ ಕುದುರೆಗೆ ಮಾತ್ರ 3 ಗ್ರಿವ್ನಾ. ರಾಜನ ಕುದುರೆಯ ಮರ್ಯಾದೆಯೇ ಬೇರೆ ಬಿಡಿ.

ಕೂನಾ ಎಂದೆನಲ್ಲ, ಅದೂ ಒಂದು ಪ್ರಾಣಿಯೇ. ಮುಂಗುಸಿಯಷ್ಟೇ ಉದ್ದದ, ಮರ ಹತ್ತುವ, ನುಣ್ಣನೆಯ ತುಪ್ಪಳದ ಕಾಡುಪ್ರಾಣಿ. ಅದರ ಚರ್ಮವನ್ನೇ ಹಣವಾಗಿ ಎಣಿಸುತ್ತಿದ್ದ ಕಾಲದಿಂದ ಆ ಹೆಸರು ನಾಣ್ಯದ ಲೆಕ್ಕಕ್ಕೆ ಅಂಟಿಕೊಂಡಿತು. ಕ್ರೊಯೇಷಿಯಾ ದೇಶ 1994ರಲ್ಲಿ ಸ್ವಂತ ನಾಣ್ಯ ತಂದಾಗ ಇದೇ ಹಳೆಯ ಹೆಸರನ್ನು ಅದಕ್ಕಿಟ್ಟಿತು. 2023ರ ಜನವರಿಯಲ್ಲಿ ಯೂರೋ ಬರುವವರೆಗೂ ಅಲ್ಲಿನ ಹೆಣ್ಣುಮಕ್ಕಳು ತರಕಾರಿ ಕೊಂಡದ್ದು ಕೂನಾ ಎಣಿಸಿಯೇ.

ಸ್ಕೋತಿಗೊಬ್ಬ ದೇವರೂ ಇದ್ದ. ಅವನ ಹೆಸರು ವೊಲೊಸ್. 907ರಲ್ಲಿ ಕೀವಿನ ಓಲೆಗ್, 971ರಲ್ಲಿ ಸ್ವ್ಯತೊಸ್ಲಾವ್, ಬೈಜಾಂಟಿಯಂ ಚಕ್ರವರ್ತಿಗಳೊಡನೆ ಒಪ್ಪಂದ ಮಾಡಿಕೊಂಡಾಗ ಇಬ್ಬರು ದೇವರ ಮೇಲೆ ಆಣೆಯಿಟ್ಟರೆಂದು ವೃತ್ತಾಂತ ಹೇಳುತ್ತದೆ. ಒಬ್ಬ ಗುಡುಗಿನ ದೇವರು ಪೆರೂನ್, ಇನ್ನೊಬ್ಬ 'ಸ್ಕೋತಿನ ದೇವರು' ವೊಲೊಸ್. ಯುದ್ಧ ನಿಲ್ಲಿಸಿ ಕಪ್ಪ, ವ್ಯಾಪಾರಗಳ ಮಾತಾಡುವ ಕಡೆ ದನ ಕಾಯುವ ದೇವರಿಗೇನು ಕೆಲಸ? ಸ್ಕೋತ್ ಎಂದರೆ ಸಂಪತ್ತು ಎಂದು ಓದಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಎಷ್ಟೋ ವಿದ್ವಾಂಸರು ಹೇಳಿದ್ದಾರೆ. ನನಗೂ ಅದೇ ಒಪ್ಪಿಗೆ. ಕತ್ತಿಯ ಭಯಕ್ಕೆ ಪೆರೂನ್, ಗಂಟಿನ ಭರವಸೆಗೆ ವೊಲೊಸ್.

ಈ ಪದ ಎಲ್ಲಿಂದ ಬಂತು ಎಂಬುದರ ಬಗ್ಗೆ ಪಂಡಿತರಲ್ಲಿ ಬಹಳ ದಿನದ ಜಗಳವಿದೆ. ರಷ್ಯನ್ ಪದಗಳ ಮೂಲವನ್ನು ಹುಡುಕಿ ನಿಘಂಟು ಮಾಡಿದವರು ಮಾಕ್ಸ್ ವಾಸ್ಮರ್. ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಬಾಳಿದ್ದು ಬರ್ಲಿನ್ನಿನಲ್ಲಿ. ಅವರು ವರ್ಷಾನುಗಟ್ಟಲೆ ಬರೆದಿಟ್ಟುಕೊಂಡಿದ್ದ ಚೀಟಿಗಳೂ ಪುಸ್ತಕಗಳೂ 1944ರ ಜನವರಿಯ ಬಾಂಬ್ ದಾಳಿಯಲ್ಲಿ ಹಾಳಾದವು. ಮತ್ತೆ ಮೊದಲಿನಿಂದ ಕೂತು ಬರೆದು 1950ರ ದಶಕದಲ್ಲಿ ಪ್ರಕಟಿಸಿದರು. ಸುಟ್ಟುಹೋದದ್ದನ್ನು ಇನ್ನೊಮ್ಮೆ ಬರೆಯುವ ಆ ತಾಳ್ಮೆಗೆ ಕೈಮುಗಿಯಬೇಕು. ಅವರ ಪ್ರಕಾರ ಸ್ಕೋತ್ ಜರ್ಮನ್ ಕುಲದ ಭಾಷೆಗಳಿಂದ ಸ್ಲಾವಿಕ್ ಭಾಷೆಗಳಿಗೆ ಬಂದ ಸಾಲದ ಪದ. ಗಾಥಿಕ್ ಭಾಷೆಯಲ್ಲಿ 'ಸ್ಕತ್ಸ್' ಎಂದರೆ ನಾಣ್ಯ. ಹಳೆಯ ನಾರ್ಸ್ ಭಾಷೆಯಲ್ಲಿ 'ಸ್ಕತ್ತರ್' ಎಂದರೆ ತೆರಿಗೆ. ಹಳೆಯ ಫ್ರೀಸಿಯನ್ನಿನ 'ಸ್ಕೆತ್' ಪದಕ್ಕೆ ಹಣ, ದನ ಎರಡೂ ಅರ್ಥ. ಇಂದಿನ ಜರ್ಮನ್ನಿನ 'ಶಾತ್ಸ್' ಎಂದರೆ ನಿಧಿ. ಅಲ್ಲಿನ ಗಂಡಂದಿರು ಹೆಂಡತಿಯನ್ನು ಪ್ರೀತಿಯಿಂದ ಕರೆಯುವುದೂ ಶಾತ್ಸ್ ಎಂದೇ. ಇಲ್ಲ, ಸ್ಲಾವಿಕ್ ಭಾಷೆಗಳಿಗೇ ಇದು ಸ್ವಂತದ್ದು, ಜರ್ಮನ್ನರು ನಮ್ಮಿಂದ ಕೊಂಡೊಯ್ದರು ಎನ್ನುವವರೂ ಇದ್ದಾರೆ. ಯಾರು ಯಾರಿಗೆ ಕೊಟ್ಟರೋ ಅದು ಬೇರೆ ಮಾತು. ಗಡಿಯಾಚೆ ಮುದ್ದಿನ ಕರೆಯಾದದ್ದೇ ಗಡಿಯೀಚೆ ಕೊಟ್ಟಿಗೆಯ ಹೆಸರಾಯಿತಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಮೊದಲು ದನವಿತ್ತು, ಆಮೇಲೆ ಅದರಿಂದ ಹಣದ ಹೆಸರು ಹುಟ್ಟಿತು ಎಂದು ನಮಗೆ ಸಹಜವಾಗಿ ತೋರುತ್ತದೆ. ಲ್ಯಾಟಿನ್ನಿನ 'ಪೆಕುಸ್' ದನ, 'ಪೆಕೂನಿಯಾ' ಹಣ. ನಮ್ಮ 'ಪಶು' ಆ ಪೆಕುಸ್‌ನ ದಾಯಾದಿ. ಆದರೆ ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಎಮಿಲ್ ಬೆನ್ವೆನಿಸ್ತ್ 1969ರ ತಮ್ಮ ಗ್ರಂಥದಲ್ಲಿ ಈ ದಾರಿಯನ್ನೇ ತಿರುಗಿಸಿ ತೋರಿಸಿದರು. ಮೊದಲು ಆ ಪದಕ್ಕೆ ಕೈಯಲ್ಲಿರುವ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದಾದ ಆಸ್ತಿ ಎಂಬ ಅರ್ಥವಿತ್ತು. ಅಂಥ ಆಸ್ತಿಯಲ್ಲಿ ದನವೇ ಮುಖ್ಯವಾದ್ದರಿಂದ ಕೊನೆಗೆ ಹೆಸರು ದನಕ್ಕೇ ನಿಂತಿತು ಎಂದು ಅವರ ವಾದ. ಇದನ್ನು ಓದಿದಾಗ ಕನ್ನಡದ ಹೆಣ್ಣುಮಗಳಾದ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ 'ದನ' ಇನ್ನೇನು ಮತ್ತೆ? ಸಂಸ್ಕೃತದ 'ಧನ' ಮಹಾಪ್ರಾಣ ಕಳೆದುಕೊಂಡು ನಮ್ಮ ಹಟ್ಟಿಯಲ್ಲಿ ಕಟ್ಟಿಸಿಕೊಂಡು ನಿಂತ ರೂಪವೇ ದನ ಎಂದು ನಿಘಂಟುಗಳು ಹೇಳುತ್ತವೆ. ಸಂಸ್ಕೃತದಲ್ಲೂ 'ಗೋಧನ' ಎನ್ನುತ್ತಾರೆ. ತುರುಗಳನ್ನು ಅಟ್ಟಿಕೊಂಡು ಹೋದವರ ಮೇಲೆ ಬಿದ್ದು ಸತ್ತವರ ವೀರಗಲ್ಲುಗಳು ನಮ್ಮ ಊರೂರ ಹೊರಗೂ ನಿಂತಿವೆಯಲ್ಲ, ಅವರು ಕಾದಾಡಿದ್ದು ಊರಿನ ಖಜಾನೆಗಾಗಿಯೇ.

ಅರ್ಥ ಹಿರಿದಾದರೂ ಬಳಕೆ ಹಾಗಿಲ್ಲ. ನಮ್ಮ ಮನೆಯಲ್ಲಿ ಓದದೆ ತಿರುಗುತ್ತಿದ್ದ ಅಣ್ಣನಿಗೆ ಅಪ್ಪ ಬೈಯುತ್ತಿದ್ದದ್ದು, "ದನ ಕಾಯೋಕೂ ಲಾಯಕ್ಕಿಲ್ಲ ನೀನು" ಎಂದೇ. ತಿಳಿವಳಿಕೆಯಿಲ್ಲದವನು 'ದನ', ಹೊಟ್ಟೆ ತುಂಬ ತಿಂದು ಮಲಗುವವನು 'ದನದ ಹಾಗೆ'. ಬೈಗುಳ ಹಾರುತ್ತಿದ್ದ ಹೊತ್ತಿಗೆ ಅಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಕೆಂಪಿಯ ಕೆಚ್ಚಲು ತೊಳೆಯುತ್ತಿರುತ್ತಿದ್ದಳು. ಬೆಳಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೊಮ್ಮೆ. ವರ್ತನೆ ಹಾಲಿನ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲ ಗೀಟುಗಳಲ್ಲಿ ಇಡುತ್ತಿದ್ದಳು. ತಿಂಗಳ ಕೊನೆಗೆ ಬಂದ ದುಡ್ಡು ಸಾಸಿವೆ ಡಬ್ಬಿಗೆ. ನನ್ನ ಕಾಲೇಜಿನ ಫೀಸು, ಅಕ್ಕನ ಬಾಣಂತನದ ಖರ್ಚು ಎರಡೂ ಹೊರಟದ್ದು ಆ ಡಬ್ಬಿಯಿಂದ. ಕಾಲೇಜಿನ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬ ಕಡೆ ಅಪ್ಪ 'ಏನೂ ಇಲ್ಲ' ಎಂದು ಬರೆದಿದ್ದರು. ಸ್ಕೋತ್ನಿತ್ಸಾ ಎಂಬ ಪದಕ್ಕೆ ಖಜಾನೆ ಎಂಬ ಅರ್ಥವನ್ನು ಕಂಡಾಗ ನನ್ನ ಮನಸ್ಸು ಓಡಿದ್ದು ಆ ಡಬ್ಬಿಯ ಕಡೆಗೆ.

ಸ್ಲಾವಿಕ್ ಭಾಷೆಗಳಲ್ಲಿ ಈ ಆಟ ಸ್ಕೋತ್ ಒಂದಕ್ಕೇ ಮುಗಿಯುವುದಿಲ್ಲ. 'ಗಳಿಸು' ಎಂಬ ಕ್ರಿಯಾಪದದಿಂದ ಹುಟ್ಟಿದ ಪದವೊಂದಿದೆ. ಸರ್ಬಿಯಾದಲ್ಲಿ 'ದೊಬಿತಾಕ್' ಎಂದರೆ ಲಾಭ, ಲಾಟರಿಯ ಬಹುಮಾನ. ಪಕ್ಕದ ಬಲ್ಗೇರಿಯಾದಲ್ಲಿ ಅದೇ ಪದ ಜಾನುವಾರು! ಪೋಲೆಂಡಿನಲ್ಲಿ 'ದೊಬಿತೆಕ್' ಮನೆಯ ಸಾಮಾನು ಸರಂಜಾಮು, ಗಳಿಸಿಟ್ಟ ಆಸ್ತಿ. ಚೆಕ್ ನಾಡಿನಲ್ಲಿ ಮತ್ತೆ ಜಾನುವಾರು. 'ಸ್ತೋಕ' ಎಂಬುದು ಬಲ್ಗೇರಿಯಾದ ಅಂಗಡಿಯಲ್ಲಿ ಸರಕು, ಸರ್ಬಿಯಾದ ಹೊಲದಲ್ಲಿ ದನ. ಕ್ರೊಯೇಷಿಯಾದಲ್ಲಿ 'ಬ್ಲಾಗೊ' ಎಂದರೆ ನಿಧಿ, ಅದರ ಕಡಲ ತೀರದ ಹಳ್ಳಿಗಳಲ್ಲಿ ಕುರಿ ದನ. ಪೋಲೆಂಡಿನಲ್ಲಿ ಒಂದು ಕಾಲಕ್ಕೆ ಸ್ಕೋತ್ ಎಂಬುದೇ ಬೆಳ್ಳಿಯ ಲೆಕ್ಕವಾಗಿತ್ತು, ಅವರ ಗ್ರಿವ್ನಾದ 24ರಲ್ಲಿ ಒಂದು ಪಾಲು. ಗಡಿಯ ಎರಡು ಕಡೆಯ ಇಬ್ಬರು ಹೆಂಗಸರು ಸಂತೆಯಲ್ಲಿ ಭೇಟಿಯಾಗಿ, "ನಿಮ್ಮಲ್ಲಿ ಎಷ್ಟಿದೆ?" ಎಂದು ಒಬ್ಬಳು ಕೇಳಿದರೆ ಇನ್ನೊಬ್ಬಳು ಒಡವೆ ಎಣಿಸಬೇಕೋ ಹಸು ಎಣಿಸಬೇಕೋ!

ನಾಣ್ಯ ಹೆಚ್ಚಿದ ಹಾಗೆಲ್ಲ ರಷ್ಯನ್ ಸ್ಕೋತ್‌ನಿಂದ ಹಣದ ಅರ್ಥ ಕಳಚಿಬಿತ್ತು. ಉಳಿದದ್ದು ಬರಿಯ ಪ್ರಾಣಿ. ಪ್ರಾಣಿಯಷ್ಟೇ ಉಳಿದ ಮೇಲೆ ಬೈಗುಳವಾಗುವುದಕ್ಕೆ ಎಷ್ಟು ಹೊತ್ತು? 'ಸ್ಕತೀನಾ' ಎಂದರೆ ಈಗ ಪಶುವಿನಂಥ ಮನುಷ್ಯ, ಒರಟ, ನೀಚ. 1782ರಲ್ಲಿ ಪ್ರದರ್ಶನಗೊಂಡ ಫೊನ್ವೀಜಿನ್‌ನ 'ನೆದೊರೊಸ್ಲ್' ಎಂಬ ಪ್ರಹಸನದಲ್ಲಿ ಒಬ್ಬ ಜಮೀನ್ದಾರನ ಮನೆತನದ ಹೆಸರೇ ಸ್ಕತೀನಿನ್. ಅವನಿಗೆ ಹಂದಿಗಳೆಂದರೆ ಪ್ರಾಣ. ಸೋಫಿಯಾ ಎಂಬ ಹುಡುಗಿಯನ್ನು ಮದುವೆಯಾಗಲು ಅವನು ಹಾತೊರೆಯುವುದು ಅವಳ ರೂಪಕ್ಕಲ್ಲ, ಗುಣಕ್ಕಲ್ಲ. ಅವಳ ಹಳ್ಳಿಗಳಲ್ಲಿ ದಪ್ಪದಪ್ಪ ಹಂದಿಗಳಿವೆ ಎಂದು. ವರದಕ್ಷಿಣೆಯ ಲೆಕ್ಕ ಹಾಕುವ ನಮ್ಮ ಎಷ್ಟು ವರಗಳಿಗೆ ಈ ಹೆಸರು ಒಪ್ಪೀತೋ! ದಾಸ್ತೊಯೆವ್‌ಸ್ಕಿ 1880ರಲ್ಲಿ ಮುಗಿಸಿದ 'ಕರಮಾಜೊವ್ ಸಹೋದರರು' ಕಾದಂಬರಿ ನಡೆಯುವ ಊರಿನ ಹೆಸರು ಸ್ಕತಪ್ರಿಗೋನ್ಯೆವ್‌ಸ್ಕ್, ಅಂದರೆ ದನ ಅಟ್ಟಿ ತರುವ ಊರು. ನಿರೂಪಕ ಆ ಹೆಸರನ್ನು ನಾಚಿಕೊಂಡವನಂತೆ ಪುಸ್ತಕದ ಕೊನೆಕೊನೆಯವರೆಗೂ ಬಚ್ಚಿಟ್ಟು ಒಮ್ಮೆ ಬಾಯಿಬಿಡುತ್ತಾನೆ. ಪೋಲಿಷ್‌ನಲ್ಲಿ ದನಕ್ಕೆ 'ಬಿದ್ವೊ' ಎನ್ನುತ್ತಾರೆ, 'ಇರು' ಎಂಬ ಧಾತುವಿನಿಂದ ಬಂದ, ಹಿಂದೆ ಮನೆ-ಬದುಕು ಎಂಬರ್ಥವಿದ್ದ ಪದ. ಅದು ರಷ್ಯಕ್ಕೆ 'ಬೀದ್ಲ' ಆಗಿ ದಾಟಿತು. ಅಲ್ಲಿ ಈಗ ಬಡ ಜನಜಂಗುಳಿಯನ್ನು ಹೀಗಳೆಯಲು ದೊಡ್ಡವರು ಬಳಸುವ ಮಾತು ಅದು.

ಆದರೆ ಇವೆಲ್ಲ ಒಟ್ಟು ಮಂದೆಯ ಹೆಸರುಗಳು. ಹಾಲು ಕರೆಯುವವಳು ಕೊಟ್ಟಿಗೆಗೆ ಹೋಗಿ ಮಂದೆಯನ್ನು ಕರೆಯುವುದಿಲ್ಲ, ಒಂದು ಹಸುವನ್ನು ಕರೆಯುತ್ತಾಳೆ. ರಷ್ಯದಲ್ಲಿ ಹಸು 'ಕರೋವ'. ಲಿಥುವೇನಿಯಾದ 'ಕರ್ವೆ' ಅದರ ಒಡಹುಟ್ಟು. ಮೂಲಾರ್ಥ ಕೊಂಬುಳ್ಳದ್ದು ಎಂದು ಹಲವರ ಅಭಿಪ್ರಾಯ. ಗೋವಿನ ವಂಶದ ಪದವೂ ಅಲ್ಲಿದೆ. ಸರ್ಬಿಯಾ, ಬಲ್ಗೇರಿಯಾಗಳಲ್ಲಿ 'ಗೊವೆದೊ' ಎಂದರೆ ದನವೇ. ರಷ್ಯನ್ನಿನಲ್ಲಿ ಮಾತ್ರ ಅದು 'ಗವ್ಯಾದಿನಾ' ಆಗಿ ದನದ ಮಾಂಸಕ್ಕೆ ಹೆಸರಾಯಿತು. ಅದೇ ಬೇರಿನಿಂದ ನಮಗೆ ಪಂಚಗವ್ಯ ಬಂದಿದೆ! ಇನ್ನು ಪ್ರೀತಿಯ ಹೆಸರು 'ಬುರ್ಯೋನ್ಕಾ', ಕಂದು ಬಣ್ಣದವಳು. ನಮ್ಮ ಕೆಂಪಿಯೇ ಸರಿ.

ರಷ್ಯದ ಒಂದು ಅಜ್ಜಿಕತೆಯಿದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಅಫನಾಸ್ಯೆವ್ ಕೂಡಿಸಿದ ಸಂಗ್ರಹದಲ್ಲಿ ಬರುತ್ತದೆ. ಖವ್ರೋಶೆಚ್ಕಾ ಎಂಬ ಅನಾಥ ಹುಡುಗಿ. ಆಶ್ರಯ ಕೊಟ್ಟ ಮನೆಯಾಕೆ ಅವಳಿಗೆ ನೂಲುವ, ನೇಯುವ ಕೆಲಸವನ್ನು ರಾಶಿ ಹಾಕುತ್ತಾಳೆ. ಹುಡುಗಿ ಹೊಲಕ್ಕೆ ಹೋಗಿ ಹಸುವಿನ ಕೊರಳು ತಬ್ಬಿ ಅಳುತ್ತಾಳೆ. ಹಸು ಹೇಳಿದಂತೆ ಅದರ ಒಂದು ಕಿವಿಯೊಳಗೆ ತೂರಿ ಇನ್ನೊಂದರಿಂದ ಹೊರಬಂದರೆ ಕೆಲಸವೆಲ್ಲ ಮುಗಿದಿರುತ್ತದೆ. ಗುಟ್ಟು ರಟ್ಟಾಗಿ ಹಸುವನ್ನು ಕೊಲ್ಲಿಸುತ್ತಾರೆ. ಹುಡುಗಿ ಅದರ ಮಾಂಸ ಮುಟ್ಟದೆ ಎಲುಬುಗಳನ್ನು ಹೂಳಿ ನೀರೆರೆಯುತ್ತಾಳೆ. ಅಲ್ಲಿ ಸೇಬಿನ ಮರ ಹುಟ್ಟಿ ಅವಳೊಬ್ಬಳ ಕೈಗೇ ಬಾಗುತ್ತದೆ. ತಾಯಿಯಿಲ್ಲದವಳಿಗೆ ತಾಯಿಯಾದದ್ದು ಹಸು. ಇಂಥ ಕತೆಯನ್ನು ಹೆಂಗಸರೇ ಕಟ್ಟಿರಬೇಕು ಎಂದು ನನ್ನ ನಂಬಿಕೆ.

ದನಗಳಿಗೆ ಮಹಾಮಾರಿ ಬಂದಾಗ ರಷ್ಯದ ಹಳ್ಳಿಗಳಲ್ಲಿ ಊರು ಕಾಯುವ ಹೊಣೆಯೂ ಹೆಂಗಸರದೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಕಂಡವರು ಬರೆದಿಟ್ಟಿದ್ದಾರೆ. ರಾತ್ರಿ ಹೊತ್ತು ಗಂಡಸರೆಲ್ಲ ಮನೆಯೊಳಗಿರಬೇಕು. ಹೆಂಗಸರು ಬರಿಯ ಒಳಂಗಿಯಲ್ಲಿ, ಕೂದಲು ಬಿಚ್ಚಿ, ಕುಡುಗೋಲು ಬಾಣಲೆ ಬಡಿಯುತ್ತ ಹೊರಡುತ್ತಾರೆ. ನೇಗಿಲಿಗೆ ಎತ್ತಿಲ್ಲ, ಕುದುರೆಯಿಲ್ಲ. ತಾವೇ ಹೆಗಲು ಕೊಟ್ಟು ಎಳೆದು ಊರಿನ ಸುತ್ತ ಒಂದು ಸಾಲು ಹೂಡುತ್ತಾರೆ. 'ಹಸುವಿನ ಸಾವು' ಎಂಬ ಮಾರಿ ಆ ಗೆರೆ ದಾಟಬಾರದು ಎಂದು. ಎದುರಿಗೆ ಯಾವ ಗಂಡಸು ಸಿಕ್ಕಿದರೂ ಅವನಿಗೆ ಪೆಟ್ಟು ಬೀಳುತ್ತಿತ್ತು. ಮುಂದೆ ಹಿಡಿಯುತ್ತಿದ್ದ ಪಟ ಸಂತ ವ್ಲಾಸ್‌ನದು. ವೊಲೊಸ್, ವ್ಲಾಸ್, ಹೆಸರಿನ ಹತ್ತಿರ ನೋಡಿ: ಕ್ರೈಸ್ತಮತ ಬಂದ ಮೇಲೆ ಸ್ಕೋತಿನ ಹಳೆಯ ದೇವರ ಕೆಲಸವನ್ನು ಈ ಸಂತ ವಹಿಸಿಕೊಂಡಿದ್ದ. ಆ ರೋಗ ಭೂಮಿಯಿಂದಲೇ ಹೋಯಿತೆಂದು ಘೋಷಿಸಿದ್ದು 2011ರಲ್ಲಿ, ಲಸಿಕೆಯಿಂದ, ನೇಗಿಲಗೆರೆಯಿಂದಲ್ಲ. ಆದರೂ ಆ ರಾತ್ರಿಗಳಲ್ಲಿ ಅವರು ಎಳೆದ ನೇಗಿಲಿನ ಭಾರ ಸುಳ್ಳಲ್ಲವಲ್ಲ.

ಅವರ ಮೊಮ್ಮಕ್ಕಳ ಕಾಲಕ್ಕೆ ಬಂದದ್ದು ಬೇರೆ ಬಗೆಯ ಮಾರಿ. 1929ರ ಕೊನೆಯಿಂದ ಸೋವಿಯತ್ ಸರ್ಕಾರ ಹಳ್ಳಿಯ ಹೊಲಗಳನ್ನೆಲ್ಲ ಸಾಮೂಹಿಕ ಬೇಸಾಯಕ್ಕೆ ಸೇರಿಸತೊಡಗಿತು. ಕುದುರೆ, ನೇಗಿಲುಗಳ ಜೊತೆಗೆ ಹಲವೆಡೆ ಮನೆಯ ಒಂದೇ ಹಸುವನ್ನೂ ಹೊಡೆದುಕೊಂಡು ಹೋದರು. ಕೊಡುವುದಕ್ಕಿಂತ ಕಡಿಯುವುದೇ ಮೇಲೆಂದು ಎಷ್ಟೋ ರೈತರು ಕಡಿದರು. ಮೇವಿಲ್ಲದೆ ಎಷ್ಟೋ ಸತ್ತವು. ಕೆಲವೇ ವರ್ಷಗಳಲ್ಲಿ ದೇಶದ ದನಗಳಲ್ಲಿ ಸುಮಾರು ಅರ್ಧ ಇಲ್ಲವಾದವು. ಸರ್ಕಾರದ ವರದಿಗಳಲ್ಲಿ ಅದು 'ಸ್ಕೋತ್', ಇಷ್ಟು ಸಾವಿರ ತಲೆ. ಹೆಂಗಸರ ಬಾಯಲ್ಲಿ ಹಸುವಿಗೆ ಬೇರೆಯೇ ಹೆಸರಿತ್ತು: 'ಕರ್ಮೀಲಿತ್ಸಾ', ಉಣಿಸುವವಳು. ಎದೆಹಾಲು ಕೊಟ್ಟು ಸಾಕುವ ದಾದಿಗೂ ಅದೇ ಹೆಸರು. ಮನೆಯಲ್ಲಿ ಕೂಸಿದ್ದವಳಿಗೆ ಹಸು ಹೋಯಿತೆಂದರೆ ಏನರ್ಥವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅವರು ಸುಮ್ಮನಿರಲಿಲ್ಲ. ಗಂಡಸರು ಎದುರು ನಿಂತರೆ ಸೆರೆಮನೆ, ಗಡೀಪಾರು. ಹೆಂಗಸರು ಕೂಗಾಡಿದರೆ 'ತಿಳಿವಳಿಕೆಯಿಲ್ಲದವರು' ಎಂದು ಅಧಿಕಾರಿಗಳು ಕೆಲವೊಮ್ಮೆ ಬಿಟ್ಟುಬಿಡುತ್ತಿದ್ದರು. ಆ ತಾತ್ಸಾರವನ್ನೇ ಅವರು ಗುರಾಣಿ ಮಾಡಿಕೊಂಡರು. ಗುಂಪುಗೂಡಿ ಬಂದು ಸಾಮೂಹಿಕ ಕೊಟ್ಟಿಗೆಯ ಬಾಗಿಲು ತೆರೆದು ತಮ್ಮ ತಮ್ಮ ಹಸುಗಳನ್ನು ಬಿಡಿಸಿಕೊಂಡು ಹೋದರು. 1930 ಒಂದೇ ವರ್ಷದಲ್ಲಿ ಹಳ್ಳಿಗಾಡಿನಲ್ಲಿ 13,754 ಗಲಭೆಗಳಾದವೆಂದು ಗುಪ್ತ ಪೊಲೀಸರೇ ಎಣಿಸಿಟ್ಟಿದ್ದಾರೆ. ಅದರಲ್ಲಿ 3,712 ಹೆಚ್ಚುಕಡಿಮೆ ಹೆಂಗಸರವೇ. ಅವುಗಳಿಗೆ 'ಬಾಬಿ ಬುಂತಿ', ಹೆಂಗಸರ ದಂಗೆ, ಎಂದು ಹೆಸರಾಯಿತು. ಆ ವರ್ಷದ ಮಾರ್ಚ್ 2ರಂದು ಸ್ಟಾಲಿನ್ 'ಪ್ರಾವ್ದಾ' ಪತ್ರಿಕೆಯಲ್ಲಿ ಲೇಖನ ಬರೆದು, ಕೆಳಗಿನ ಅಧಿಕಾರಿಗಳು ಗೆಲುವಿನ ಅಮಲಿನಲ್ಲಿ ಅತಿ ಮಾಡಿದರೆಂದು ತಪ್ಪನ್ನು ಅವರ ತಲೆಗೆ ಕಟ್ಟಿದ. 1933ರ ಫೆಬ್ರವರಿಯಲ್ಲಿ ರೈತರ ಸಮಾವೇಶದಲ್ಲಿ, ಸರ್ಕಾರಕ್ಕೂ ಹೆಣ್ಣುಮಕ್ಕಳಿಗೂ ನಡುವೆ ಹಿಂದೆ ಹಸುವಿನ ವಿಷಯದಲ್ಲಿ ಒಂದು ಚಿಕ್ಕ ಮನಸ್ತಾಪವಿತ್ತು, ಈಗ ಅದು ಬಗೆಹರಿದಿದೆ ಎಂದು ಭಾಷಣ ಮಾಡಿದ. ಅವನು ಹಾಗೆನ್ನುತ್ತಿದ್ದ ಹೊತ್ತಿಗೆ ಉಕ್ರೇನಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು, ಲಕ್ಷಗಟ್ಟಲೆ. ಬದುಕಿ ಉಳಿದವರನೇಕರು ಮುಂದೆ ಹೇಳಿದ್ದು ಒಂದೇ ಮಾತು: ನಮ್ಮ ಮನೆಯಲ್ಲಿ ಹಸುವಿತ್ತು, ಅದಕ್ಕೇ ಉಳಿದೆವು.

1935ರ ನಿಯಮಾವಳಿಯಲ್ಲಿ ಹಸು ಕೊನೆಗೂ ಮನೆಗೆ ಬಂತು. ಧಾನ್ಯ ಬೆಳೆಯುವ ಪ್ರದೇಶಗಳಲ್ಲಿ ಮನೆಗೆ ಒಂದು ಹಸು, ಎರಡು ಕರು, ಹತ್ತರವರೆಗೆ ಕುರಿ ಮೇಕೆ, ಕೋಳಿ ಎಷ್ಟಾದರೂ ಇರಬಹುದು ಎಂದು ಬರೆದರು. ಹಗಲಿಡೀ ಸಾಮೂಹಿಕ ಕೊಟ್ಟಿಗೆಯಲ್ಲಿ ಸ್ಕೋತ್ನಿತ್ಸಾ ಆಗಿ ದುಡಿದವಳು ಸಂಜೆ ತನ್ನ ಬುರ್ಯೋನ್ಕಾಳ ಹತ್ತಿರ ಬಕೆಟ್ಟು ಹಿಡಿದು ಕೂರುತ್ತಿದ್ದಳು. ಆ ಹಾಲಿನಲ್ಲೂ ಸರ್ಕಾರಕ್ಕೆ ಪಾಲಿತ್ತು, ವರ್ಷಕ್ಕೆ ಇಷ್ಟು ಎಂದು ಕಡ್ಡಾಯವಾಗಿ ಒಪ್ಪಿಸಬೇಕು. ಯುದ್ಧದ ವರ್ಷಗಳಲ್ಲಿ, ಗಂಡಸರಿಲ್ಲದ ಮನೆಗಳಲ್ಲೂ ಒಪ್ಪಿಸಿದರು. 1958ರ ಜನವರಿ 1ರಿಂದ ಆ ಕಡ್ಡಾಯ ರದ್ದಾಯಿತು. ಅಂದಿನಿಂದ ಸಂಜೆಯ ಬಕೆಟ್ಟು ಪೂರ್ತಿ ಅವಳ ಮನೆಯ ಪಾಲಾಯಿತು.